ಗುರುತು ಹಲವು, ಹೆಸರು ಒಂದು: ಚನ್ನಪಟ್ಟಣದ ಚುನಾವಣಾ ಲೆಕ್ಕ

ಸಿ.ಪಿ. ಯೋಗೇಶ್ವರ್ ಚನ್ನಪಟ್ಟಣ ವಿಧಾನಸಭಾ ಕ್ಷೇತ್ರದಲ್ಲಿ 1999ರಿಂದ 2024ರವರೆಗೆ ಒಂಬತ್ತು ಸಲ ಕಣಕ್ಕಿಳಿದಿದ್ದಾರೆ. ಕಮಲದ ಗುರುತಿನಲ್ಲಿ ನಾಲ್ಕು ಸಲ ನಿಂತು ಗೆದ್ದದ್ದು ಒಂದೇ ಸಲ. ಕಮಲವಿಲ್ಲದೆ ಐದು ಸಲ ನಿಂತರು: ಒಮ್ಮೆ ಪಕ್ಷೇತರರಾಗಿ, ಮೂರು ಸಲ ಕೈ ಹಿಡಿದು, ಒಮ್ಮೆ ಸೈಕಲ್ ಏರಿ. ಐದೂ ಸಲ ಗೆದ್ದರು. ಕಾಲು ಶತಮಾನದಲ್ಲಿ ಕ್ಷೇತ್ರದ ಗೋಡೆಗಳ ಮೇಲೆ ಅವರ ಹೆಸರಿನ ಪಕ್ಕದ ಚಿತ್ರ ಎಷ್ಟು ಸಲ ಬದಲಾಯಿತೆಂದರೆ, ಹೊಸದಾಗಿ ಮತದಾರರ ಪಟ್ಟಿಗೆ ಸೇರಿದ ಹುಡುಗ ಅಪ್ಪನನ್ನೋ ಅಜ್ಜನನ್ನೋ ಕೇಳಿಯೇ ತಿಳಿದುಕೊಳ್ಳಬೇಕು.

ಇದನ್ನು ಪಕ್ಷಾಂತರದ ಕಥೆ ಎಂದು ಬರೆದು ಮುಗಿಸುವುದು ಸುಲಭ. ದೂರದರ್ಶನದ ಚರ್ಚೆಗಳಲ್ಲಿ ಆಗುವುದೂ ಅದೇ. ಆದರೆ ಪಕ್ಷ ಬಿಟ್ಟವರು ಕರ್ನಾಟಕದಲ್ಲಿ ಬೇಕಾದಷ್ಟು ಮಂದಿ ಇದ್ದಾರೆ, ಅವರಲ್ಲಿ ಮಣ್ಣು ಮುಕ್ಕಿದವರೂ ಕಡಿಮೆಯಿಲ್ಲ. ಚನ್ನಪಟ್ಟಣದ ಜನ ಇವರನ್ನು ಮಾತ್ರ ಮತ್ತೆ ಮತ್ತೆ ಒಪ್ಪಿದ್ದೇಕೆ, ನಡುವೆ ಮೂರು ಸಲ ಒಪ್ಪದಿದ್ದದ್ದೇಕೆ ಎಂಬುದಕ್ಕೆ ಉತ್ತರ ಸಿಗಬೇಕಾದರೆ ವ್ಯಕ್ತಿಯನ್ನು ಬಿಟ್ಟು ಕ್ಷೇತ್ರದ ಅಂಕಿಗಳನ್ನು ನೋಡಬೇಕು.

ಹಳೆ ಹೆದ್ದಾರಿಯ ಊರು

ಬೆಂಗಳೂರು–ಮೈಸೂರು ಹಳೆ ಹೆದ್ದಾರಿಯಲ್ಲಿ ರಾಮನಗರ ದಾಟಿ, ಕೆಂಗಲ್ ಆಂಜನೇಯನಿಗೆ ಕೈಮುಗಿದು ಮುಂದೆ ಸಾಗಿದರೆ ಚನ್ನಪಟ್ಟಣ. ಪೇಟೆಯಲ್ಲಿ ಬಣ್ಣದ ಬೊಂಬೆ, ಸುತ್ತಲ ಹಳ್ಳಿಗಳಲ್ಲಿ ಹಿಪ್ಪುನೇರಳೆ, ತೆಂಗು, ಮಾವು, ರಾಗಿ. ಹಳ್ಳಿಗಳಲ್ಲಿ ಒಕ್ಕಲಿಗರು ಹೆಚ್ಚು. ಪಟ್ಟಣದಲ್ಲಿ ಮುಸ್ಲಿಮರ ಸಂಖ್ಯೆ ದೊಡ್ಡದು, ಆಲೆ ಮರದ ತುಂಡನ್ನು ಚರಕಿಗೆ ಕೊಟ್ಟು ಅರಗಿನ ಬಣ್ಣ ಹಚ್ಚುವ ಕಸುಬುದಾರರಲ್ಲಿ ಬಹಳ ಮಂದಿ ಅವರೇ. ಪರಿಶಿಷ್ಟ ಜಾತಿಯವರು, ಕುರುಬರು, ಬೆಸ್ತರು, ಇತರ ಹಿಂದುಳಿದ ಸಮುದಾಯದವರು ಎರಡೂ ಕಡೆ ಇದ್ದಾರೆ. ಚುನಾವಣೆ ಬಂದಾಗಲೆಲ್ಲ ‘ಇಂಥ ಜಾತಿ ಇಷ್ಟು ಸಾವಿರ’ ಎಂಬ ಪಟ್ಟಿಯೊಂದು ಮೊಬೈಲ್‌ಗಳಲ್ಲಿ ಹರಿದಾಡುತ್ತದೆ. ಅದನ್ನು ಮಾಡಿದವರು ಯಾರು, ಎಣಿಸಿದವರು ಯಾರು ಎಂಬುದನ್ನು ಯಾರೂ ಕೇಳುವುದಿಲ್ಲ. ಪಕ್ಷದಿಂದ ಪಕ್ಷಕ್ಕೆ ಸಂಖ್ಯೆಯೂ ಬೇರೆಯಾಗುತ್ತದೆ. ಈ ಲೇಖನ ಅಂಥ ಪಟ್ಟಿಯ ಗೊಡವೆಗೆ ಹೋಗುವುದಿಲ್ಲ. ಚುನಾವಣಾ ಆಯೋಗ ಎಣಿಸಿ ಕೊಟ್ಟ ಮತಗಳೇ ಸಾಕಷ್ಟು ಮಾತಾಡುತ್ತವೆ.

ಇದು ಜನತಾ ಪರಿವಾರ ಬೇರು ಬಿಟ್ಟ ಸೀಮೆ. 1994ರಲ್ಲಿ ಎಚ್.ಡಿ. ದೇವೇಗೌಡರು ಪಕ್ಕದ ರಾಮನಗರದಿಂದ ಗೆದ್ದು ಮುಖ್ಯಮಂತ್ರಿಯಾದರು. ಆ ವರ್ಷ ಚನ್ನಪಟ್ಟಣವೂ ಜನತಾದಳದ ಎಂ. ವರದೇಗೌಡರ ಕೈಸೇರಿತು. ಅದಕ್ಕೆ ಹಿಂದಿನ 1989ರ ಚುನಾವಣೆಯಲ್ಲಿ ರಾಜ್ಯದಾದ್ಯಂತ ಕಾಂಗ್ರೆಸ್ ಅಲೆ ಎದ್ದಿದ್ದಾಗ ಇಲ್ಲಿ ಗೆದ್ದವರು ಕಾಂಗ್ರೆಸ್ಸಿನ ಸಾದತ್ ಅಲಿ ಖಾನ್. ಅಂದರೆ ತೊಂಬತ್ತರ ದಶಕದ ನಡುವಿನವರೆಗೆ ಚನ್ನಪಟ್ಟಣ ರಾಜ್ಯದ ಗಾಳಿ ಬೀಸಿದ ಕಡೆಗೇ ವಾಲಿದ ಸಾಮಾನ್ಯ ಕ್ಷೇತ್ರ. ಈ ನಡೆ ತಪ್ಪಿದ್ದು 1999ರಲ್ಲಿ. ಜನತಾದಳ ಒಡೆದು ಹೋಳಾಗಿತ್ತು. ಎಸ್.ಎಂ. ಕೃಷ್ಣ ಅವರ ಮುಂದಾಳುತನದಲ್ಲಿ ಕಾಂಗ್ರೆಸ್ 132 ಸ್ಥಾನ ಗೆದ್ದು ಅಧಿಕಾರಕ್ಕೆ ಬಂತು. ಚನ್ನಪಟ್ಟಣದ ಜನ ಮಾತ್ರ ಈ ಎರಡೂ ಕಡೆಯವರನ್ನು ಬದಿಗಿಟ್ಟು ಚಕ್ಕೆರೆಯ ಯುವಕನೊಬ್ಬನನ್ನು ಪಕ್ಷೇತರನಾಗಿ ಆರಿಸಿದರು.

ಯೋಗೇಶ್ವರ್ ಆಗ ರಾಜಕಾರಣಿಗಿಂತ ನಿವೇಶನ ವ್ಯವಹಾರದವರೆಂದೂ ಸಿನಿಮಾ ಹುಚ್ಚಿನವರೆಂದೂ ಹೆಸರಾಗಿದ್ದರು. ಶಾಸಕರಾದ ಮೇಲೆಯೂ ಬಣ್ಣ ಹಚ್ಚಿದರು. 2002ರ ‘ಸೈನಿಕ’ ಚಿತ್ರದ ನಾಯಕ ಅವರೇ. 2004ರಲ್ಲಿ ಕಾಂಗ್ರೆಸ್ಸಿನಿಂದ ಗೆದ್ದರು, 2008ರಲ್ಲಿ ಅದೇ ಪಕ್ಷದಿಂದ ಜೆಡಿಎಸ್‌ನ ಎಂ.ಸಿ. ಅಶ್ವತ್ಥ್ ಅವರನ್ನು ಸೋಲಿಸಿದರು. ಅಲ್ಲಿಗೆ ಸತತ ಮೂರು ಗೆಲುವು. ಇಷ್ಟರಲ್ಲೇ ನಿಂತಿದ್ದರೆ ಈ ಕ್ಷೇತ್ರದ ಬಗ್ಗೆ ಮುಖಪುಟದ ಲೇಖನ ಬರೆಯುವ ಅಗತ್ಯ ಬೀಳುತ್ತಿರಲಿಲ್ಲ.

ಮೂರು ವರ್ಷ, ಮೂರು ಚುನಾವಣೆ

2008ರ ಮೇ ತಿಂಗಳಲ್ಲಿ ಕೈ ಗುರುತಿನಿಂದ ಗೆದ್ದ ಯೋಗೇಶ್ವರ್, ವರ್ಷ ತುಂಬುವ ಮೊದಲೇ ರಾಜೀನಾಮೆ ಕೊಟ್ಟು ಬಿಜೆಪಿಗೆ ಹೋದರು. ರಾಜ್ಯದಲ್ಲಿ ಬಿ.ಎಸ್. ಯಡಿಯೂರಪ್ಪ ಅವರ ಸರ್ಕಾರ. ‘ಆಪರೇಷನ್ ಕಮಲ’ ಎಂಬ ಮಾತು ಹಳ್ಳಿಕಟ್ಟೆಗಳ ಬಾಯಿಗೂ ಬಂದಿದ್ದ ಕಾಲ ಅದು. 2009ರ ಲೋಕಸಭಾ ಚುನಾವಣೆಯಲ್ಲಿ ಹೊಸದಾಗಿ ರೂಪುಗೊಂಡಿದ್ದ ಬೆಂಗಳೂರು ಗ್ರಾಮಾಂತರ ಕ್ಷೇತ್ರದಲ್ಲಿ ಅವರು ದೇವೇಗೌಡರ ಮಗ, ಜೆಡಿಎಸ್‌ನ ಎಚ್.ಡಿ. ಕುಮಾರಸ್ವಾಮಿ ಅವರ ಎದುರು ನಿಂತು ಸುಮಾರು 1.30 ಲಕ್ಷ ಮತಗಳಿಂದ ಸೋತರು. ಮುಂದೆ ಹದಿನೈದು ವರ್ಷ ನಡೆದ ಹಣಾಹಣಿಗೆ ಅಲ್ಲಿ ನಾಂದಿ.

ಕೆಲವೇ ತಿಂಗಳಲ್ಲಿ, ತಾವೇ ತೆರವು ಮಾಡಿದ್ದ ಚನ್ನಪಟ್ಟಣದ ಉಪಚುನಾವಣೆಗೆ ಯೋಗೇಶ್ವರ್ ಬಿಜೆಪಿ ಅಭ್ಯರ್ಥಿಯಾದರು. ಆಡಳಿತ ಪಕ್ಷದ ಬಲವೆಲ್ಲ ಬೆನ್ನಿಗಿತ್ತು. ಆದರೂ ಜೆಡಿಎಸ್‌ನ ಅಶ್ವತ್ಥ್ ಗೆದ್ದರು. ಉಪಚುನಾವಣೆ ಎಂದರೆ ಆಡಳಿತ ಪಕ್ಷದ್ದೇ ಮೇಲುಗೈ ಎನ್ನುವವರು ಈ ಫಲಿತಾಂಶವನ್ನು ಮರೆತುಬಿಡುತ್ತಾರೆ.

ಆಮೇಲೆ ನಡೆದದ್ದನ್ನು ಕಥೆಯಲ್ಲಿ ಬರೆದರೆ ಸಂಪಾದಕರು ‘ನಂಬುವ ಹಾಗಿಲ್ಲ’ ಎಂದು ವಾಪಸು ಕಳಿಸಿಯಾರು. ಬಿಜೆಪಿಯ ಯೋಗೇಶ್ವರ್ ಅವರನ್ನು ಸೋಲಿಸಿದ್ದ ಅಶ್ವತ್ಥ್ ತಾವೂ ಜೆಡಿಎಸ್ ಶಾಸಕತ್ವಕ್ಕೆ ರಾಜೀನಾಮೆ ಕೊಟ್ಟು ಬಿಜೆಪಿಯತ್ತ ನಡೆದರು. ಅವರು ಬಿಟ್ಟುಕೊಟ್ಟ ಸ್ಥಾನಕ್ಕೆ 2011ರ ಏಪ್ರಿಲ್‌ನಲ್ಲಿ ಮತ್ತೆ ಉಪಚುನಾವಣೆ. ಬಿಜೆಪಿ ಟಿಕೆಟ್ ಸಿಕ್ಕಿದ್ದು ಯೋಗೇಶ್ವರ್ ಅವರಿಗೆ! ಈ ಸಲ ಗೆದ್ದರು, ಅರಣ್ಯ ಸಚಿವರೂ ಆದರು. ಮೂರು ವರ್ಷದೊಳಗೆ ಒಂದೇ ಕ್ಷೇತ್ರದ ಜನ ವಿಧಾನಸಭೆಗೆ ಮೂರು ಸಲ ಬೆರಳಿಗೆ ಶಾಯಿ ಹಚ್ಚಿಸಿಕೊಂಡರು. ಸರ್ಕಾರಿ ಶಾಲೆಗಳ ಮೇಷ್ಟ್ರುಗಳು ಮತಗಟ್ಟೆ ಕೆಲಸಕ್ಕೆ ಎಷ್ಟು ದಿನ ಹೋದರು, ಖಜಾನೆಗೆ ಎಷ್ಟು ಹೊರೆ ಬಿತ್ತು ಎಂಬುದು ಯಾವ ಪಕ್ಷದ ಪ್ರಣಾಳಿಕೆಯಲ್ಲೂ ಬರಲಿಲ್ಲ.

2013ರ ಹೊತ್ತಿಗೆ ಬಿಜೆಪಿ ಒಡೆದಿತ್ತು. ಯೋಗೇಶ್ವರ್ ಸಮಾಜವಾದಿ ಪಕ್ಷದ ಸೈಕಲ್ ಹತ್ತಿದರು. ಮುಲಾಯಂ ಸಿಂಗ್ ಯಾದವ್ ಅವರ ಪಕ್ಷಕ್ಕೆ ಚನ್ನಪಟ್ಟಣದಲ್ಲಿ ಹೇಳಿಕೊಳ್ಳುವಂಥ ನೆಲೆಯೇ ಇರಲಿಲ್ಲ. ಎದುರಾಳಿ ಕುಮಾರಸ್ವಾಮಿ ಅವರ ಪತ್ನಿ, ಜೆಡಿಎಸ್‌ನ ಅನಿತಾ ಕುಮಾರಸ್ವಾಮಿ. ಸೈಕಲ್ಲಿಗೆ 80,099 ಮತ, ತೆನೆ ಹೊತ್ತ ಮಹಿಳೆಗೆ 73,635. ಆ ಚುನಾವಣೆಯಲ್ಲಿ ಸಮಾಜವಾದಿ ಪಕ್ಷ ಕರ್ನಾಟಕದಲ್ಲಿ ಗೆದ್ದದ್ದು ಈ ಒಂದೇ ಸ್ಥಾನ. ರಾಜ್ಯದಲ್ಲಿ 122 ಸ್ಥಾನ ಬಾಚಿದ ಕಾಂಗ್ರೆಸ್ ಇಲ್ಲಿ ಮೊದಲೆರಡು ಸ್ಥಾನಗಳಲ್ಲೂ ಇರಲಿಲ್ಲ ಎಂಬುದನ್ನು ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ.

ಕೆರೆಗೆ ನೀರು ತುಂಬಿಸಿದವರು ಯಾರು

ಚನ್ನಪಟ್ಟಣದಲ್ಲಿ ಚುನಾವಣೆಯ ಮಾತು ಎಲ್ಲಿಂದ ಶುರುವಾದರೂ ಬಂದು ನಿಲ್ಲುವುದು ಕೆರೆಯ ಬಳಿಯೇ. ಕಾವೇರಿ ಕಣಿವೆಯಲ್ಲಿದ್ದರೂ ಈ ತಾಲ್ಲೂಕಿಗೆ ಕೆಆರ್‌ಎಸ್‌ನ ನಾಲೆಗಳ ಭಾಗ್ಯವಿಲ್ಲ. ಪಕ್ಕದ ಮದ್ದೂರಿನ ಗದ್ದೆಗಳು ಹಸಿರಾಗಿದ್ದಾಗ ಇಲ್ಲಿನ ರೈತ ಕೊಳವೆಬಾವಿಯ ಆಳ ಎಣಿಸುತ್ತ ಕೂತಿರುತ್ತಿದ್ದ. ಹಿಪ್ಪುನೇರಳೆಗೆ ನೀರಿಲ್ಲದಿದ್ದರೆ ಸೊಪ್ಪಿಲ್ಲ, ಸೊಪ್ಪಿಲ್ಲದಿದ್ದರೆ ಹುಳುವಿಲ್ಲ, ಹುಳು ಹಣ್ಣಾಗದಿದ್ದರೆ ರಾಮನಗರದ ಗೂಡಿನ ಮಾರುಕಟ್ಟೆಗೆ ಒಯ್ಯಲು ಏನೂ ಇಲ್ಲ. ಹೀಗೆ ಕೆರೆಯ ನೀರು ಮನೆಯ ವಾರದ ಸಂತೆಯವರೆಗೂ ಬರುತ್ತದೆ.

ಶಿಂಷಾ ನದಿಗೆ ಇಗ್ಗಲೂರಿನ ಬಳಿ ಅಡ್ಡಗಟ್ಟೆ ಕಟ್ಟಿಸಿದ್ದು ದೇವೇಗೌಡರು. ಅವರ ಹೆಸರೇ ಅದಕ್ಕಿದೆ. ಅಲ್ಲಿಂದ ನೀರೆತ್ತಿ ತಾಲ್ಲೂಕಿನ ಕೆರೆಗಳಿಗೆ ಹರಿಸುವ ಯೋಜನೆ ಯೋಗೇಶ್ವರ್ ಅವರ ಹೆಸರಿಗೆ ಅಂಟಿಕೊಂಡಿತು. ಬೆಂಬಲಿಗರು ಅವರನ್ನು ‘ಆಧುನಿಕ ಭಗೀರಥ’ ಎಂದು ಕರೆದರು. ಜೆಡಿಎಸ್‌ನವರ ವಾದ ಸರಳ: ಅಡ್ಡಗಟ್ಟೆಯೇ ಇಲ್ಲದಿದ್ದರೆ ಎತ್ತುವ ನೀರೆಲ್ಲಿತ್ತು? ಯೋಗೇಶ್ವರ್ ಕಡೆಯವರ ಉತ್ತರವೂ ಅಷ್ಟೇ ಸರಳ: ಕಟ್ಟೆಯಲ್ಲಿ ನಿಂತ ನೀರು ತಾನಾಗಿ ದಿಬ್ಬ ಹತ್ತಿ ಬಂದೀತೇ? ಎರಡೂ ನಿಜ. ಅಣೆಕಟ್ಟೆಯನ್ನು ದಿನಾ ನೋಡುವವರು ನಾಲ್ಕು ಹಳ್ಳಿಯವರಷ್ಟೇ, ತುಂಬಿದ ಕೆರೆಯನ್ನು ಪ್ರತಿ ಊರಿನವರೂ ಬೆಳಗೆದ್ದು ನೋಡುತ್ತಾರೆ. ಹಾಗಾಗಿ ಮತದ ಮಟ್ಟಿಗೆ ಎರಡನೆಯ ಕೆಲಸಕ್ಕೆ ಬೆಲೆ ಹೆಚ್ಚು ಬಂತು.

ಹಾಗಿದ್ದರೆ ಮತ್ತೆ ಕಮಲ ಹಿಡಿದು ನಿಂತ 2018ರಲ್ಲಿ ಯೋಗೇಶ್ವರ್ ಸೋತದ್ದೇಕೆ? ಎದುರಿಗೆ ಬಂದವರು ಕುಮಾರಸ್ವಾಮಿಯೇ ಆದ್ದರಿಂದ. ರಾಮನಗರ ಮತ್ತು ಚನ್ನಪಟ್ಟಣ ಎರಡರಲ್ಲೂ ನಿಂತು ಎರಡನ್ನೂ ಗೆದ್ದ ಅವರು ಚನ್ನಪಟ್ಟಣವನ್ನು ಉಳಿಸಿಕೊಂಡರು. ಮುಖ್ಯಮಂತ್ರಿಯೂ ಆದರು. ಒಕ್ಕಲಿಗರ ಹಳ್ಳಿಗಳಲ್ಲಿ ‘ನಮ್ಮವರು ಮುಖ್ಯಮಂತ್ರಿ ಆಗುತ್ತಾರೆ’ ಎಂಬ ಮಾತಿನ ಮುಂದೆ ಕೆರೆ ನೀರಿನ ಉಪಕಾರಸ್ಮರಣೆ ಸ್ವಲ್ಪ ಹಿಂದೆ ಸರಿದರೆ ಆಶ್ಚರ್ಯವಿಲ್ಲ.

ಮೂರನೆಯವರ ಮತ

ಈಗ ಅಂಕಿಗಳಿಗೆ ಬರೋಣ. 2018ರಲ್ಲಿ ಕುಮಾರಸ್ವಾಮಿ 87,995, ಯೋಗೇಶ್ವರ್ 66,465, ಕಾಂಗ್ರೆಸ್ಸಿನ ಎಚ್.ಎಂ. ರೇವಣ್ಣ 30,208. ಐದು ವರ್ಷದ ನಂತರ, 2023ರಲ್ಲಿ, ಕುಮಾರಸ್ವಾಮಿ 96,592, ಯೋಗೇಶ್ವರ್ 80,677, ಕಾಂಗ್ರೆಸ್ಸಿನ ಎಸ್. ಗಂಗಾಧರ್ 15,374. ಕಾಂಗ್ರೆಸ್ ಕಳೆದುಕೊಂಡದ್ದು 14,834, ಯೋಗೇಶ್ವರ್ ಗಳಿಸಿದ್ದು 14,212. ಒಬ್ಬರ ಮತ ಹಾಗೇ ಇನ್ನೊಬ್ಬರಿಗೆ ವರ್ಗಾವಣೆಯಾಯಿತು ಎನ್ನಲಾಗದು, ಮತದಾರರು ಆ ಕಡೆಯಿಂದ ಈ ಕಡೆಗೆ, ಈ ಕಡೆಯಿಂದ ಆ ಕಡೆಗೆ ಹೋಗಿರುತ್ತಾರೆ. ಆದರೂ ಒಂದು ಸಂಗತಿ ಕಣ್ಣಿಗೆ ಹೊಡೆಯುತ್ತದೆ. ರಾಜ್ಯದಲ್ಲಿ 135 ಸ್ಥಾನ ಗೆದ್ದು ಕಾಂಗ್ರೆಸ್ ಸರ್ಕಾರ ರಚಿಸಿದ ವರ್ಷ ಚನ್ನಪಟ್ಟಣದಲ್ಲಿ ಆ ಪಕ್ಷಕ್ಕೆ ನೂರಕ್ಕೆ ಹತ್ತು ಮತವೂ ಇರಲಿಲ್ಲ. ಪಕ್ಕದ ಕನಕಪುರದಲ್ಲಿ ಪಕ್ಷದ ರಾಜ್ಯಾಧ್ಯಕ್ಷರೇ ಇದ್ದರು!

ಇದಕ್ಕೆ ಕಾರಣ ಪಕ್ಷದ್ದಲ್ಲದ ಎರಡು ಬಣಗಳು. ಇಲ್ಲಿ ಗೌಡರ ಬಣವೊಂದು, ಯೋಗೇಶ್ವರ್ ಬಣ ಇನ್ನೊಂದು. ತಾಲ್ಲೂಕು ಪಂಚಾಯಿತಿಯಿಂದ ಹಾಲಿನ ಡೇರಿಯವರೆಗೆ ಜನ ಹಂಚಿಹೋಗಿದ್ದು ಹೀಗೆ. ಕಾಂಗ್ರೆಸ್ಸಿನ ಬೆಂಬಲಿಗನಿಗೆ ಸ್ವಂತ ಅಭ್ಯರ್ಥಿ ಗೆಲ್ಲುವ ನಂಬಿಕೆಯಿಲ್ಲದ ಕಾರಣ ಎರಡರಲ್ಲಿ ಯಾರು ಬೇಡವೋ ಅವರನ್ನು ಸೋಲಿಸಲು ಮತ ಹಾಕುತ್ತಿದ್ದ. ಯೋಗೇಶ್ವರ್ ಕೈಯಲ್ಲಿ ಕಮಲವಿದ್ದಾಗ ಪಟ್ಟಣದ ಮುಸ್ಲಿಂ ಮತದಾರರಿಗೆ ಹೆಚ್ಚು ಯೋಚಿಸುವ ಅಗತ್ಯ ಬೀಳಲಿಲ್ಲ, ತೆನೆಯ ಗುಂಡಿ ಒತ್ತಿದರು. ಕಮಲವಿಲ್ಲದಾಗ ಆ ಮತ ಅವರ ಪಾಲಿಗೂ ಒಂದಿಷ್ಟು ಬಂತು. ಈ ಲೇಖನದ ಮೊದಲ ಸಾಲುಗಳ ಐದಕ್ಕೆ ಐದರ ಗುಟ್ಟು ಬಹುಮಟ್ಟಿಗೆ ಇಷ್ಟೇ ಎಂದು ನನ್ನ ಎಣಿಕೆ. 2011ರ ಗೆಲುವು ಇದಕ್ಕೆ ಅಪವಾದ. ಆಗ ಎದುರಾಳಿ ಅಭ್ಯರ್ಥಿ ಕ್ಷೇತ್ರಕ್ಕೆ ಹೆಚ್ಚು ಪರಿಚಿತರಲ್ಲ, ಗೆದ್ದಿದ್ದ ಶಾಸಕರೇ ಬಿಟ್ಟುಹೋಗಿದ್ದ ಜೆಡಿಎಸ್ ಕಾರ್ಯಕರ್ತರಲ್ಲಿ ಹುರುಪೂ ಇರಲಿಲ್ಲ.

ಗಂಟು ಬಿಚ್ಚಿದ 2024

2023ರ ಸೆಪ್ಟೆಂಬರ್‌ನಲ್ಲಿ ಜೆಡಿಎಸ್ ಬಿಜೆಪಿ ಜೊತೆ ಕೈಜೋಡಿಸಿತು. ದೆಹಲಿಯಲ್ಲಿ ಆದ ಒಪ್ಪಂದ ಚನ್ನಪಟ್ಟಣಕ್ಕೆ ಬಂದಾಗ ವಿಚಿತ್ರ ರೂಪ ತಾಳಿತು. ಹದಿನೈದು ವರ್ಷ ಹಳ್ಳಿಹಳ್ಳಿಯಲ್ಲಿ ಮುಖ ತಿರುಗಿಸಿಕೊಂಡಿದ್ದ ಎರಡು ಬಣದವರು ಒಂದೇ ವೇದಿಕೆಯಲ್ಲಿ ಕೂರಬೇಕಾಯಿತು. ಕೂತರು ಕೂಡ. 2024ರ ಲೋಕಸಭಾ ಚುನಾವಣೆಯಲ್ಲಿ ದೇವೇಗೌಡರ ಅಳಿಯ, ಹೃದ್ರೋಗ ತಜ್ಞ ಡಾ. ಸಿ.ಎನ್. ಮಂಜುನಾಥ್ ಬೆಂಗಳೂರು ಗ್ರಾಮಾಂತರದಲ್ಲಿ ಬಿಜೆಪಿಯಿಂದ ನಿಂತು ಕಾಂಗ್ರೆಸ್ಸಿನ ಡಿ.ಕೆ. ಸುರೇಶ್ ಅವರನ್ನು 2,69,647 ಮತಗಳಿಂದ ಸೋಲಿಸಿದರು. ಚನ್ನಪಟ್ಟಣದಲ್ಲೂ ಮಂಜುನಾಥ್ ಅವರೇ ಮುಂದಿದ್ದರು. ಯೋಗೇಶ್ವರ್ ಕೂಡ ಮಂಜುನಾಥ್ ಅವರ ಪರವಾಗಿಯೇ ಓಡಾಡಿದ್ದರು.

ಆದರೆ ಆ ಗೆಲುವಿನ ಸಂಭ್ರಮದಲ್ಲಿ ಒಂದು ಅಂಕಿ ಮರೆಯಾಯಿತು. ಹಿಂದಿನ ವರ್ಷ 15 ಸಾವಿರದಲ್ಲಿದ್ದ ಕಾಂಗ್ರೆಸ್ಸಿಗೆ ಚನ್ನಪಟ್ಟಣ ವಿಧಾನಸಭಾ ವ್ಯಾಪ್ತಿಯಲ್ಲಿ ಸುಮಾರು 85 ಸಾವಿರ ಮತ ಬಿದ್ದಿದ್ದವು. ಲೋಕಸಭೆಗೂ ವಿಧಾನಸಭೆಗೂ ಜನ ಬೇರೆ ಬೇರೆ ರೀತಿ ಮತ ಹಾಕುತ್ತಾರೆ, ನಿಜ. ಗ್ಯಾರಂಟಿ ಯೋಜನೆಗಳ ಪ್ರಭಾವವಿತ್ತು, ಸುರೇಶ್ ಅವರ ಸ್ವಂತ ಓಡಾಟವೂ ಇತ್ತು. ಆದರೂ ಇಷ್ಟು ದೊಡ್ಡ ಜಿಗಿತಕ್ಕೆ ಮೈತ್ರಿಯೇ ಮುಖ್ಯ ಕಾರಣವೆಂದು ತೋರುತ್ತದೆ. ಕಮಲ ಬೇಡವೆಂದು ತೆನೆಗೆ ಹಾಕುತ್ತಿದ್ದವರಿಗೆ ಈಗ ತೆನೆಯೂ ಕಮಲವೂ ಒಂದೇ ಕಡೆ ಕಂಡವು. ಅವರು ಹೋಗಲು ಉಳಿದದ್ದು ಒಂದೇ ಜಾಗ.

ಮಂಡ್ಯದಿಂದ ಲೋಕಸಭೆಗೆ ಗೆದ್ದ ಕುಮಾರಸ್ವಾಮಿ ಕೇಂದ್ರ ಸಚಿವರಾಗಿ ಚನ್ನಪಟ್ಟಣವನ್ನು ತೆರವು ಮಾಡಿದರು. ಮೈತ್ರಿಯ ಟಿಕೆಟ್ ಯಾರಿಗೆ ಎಂಬ ಜಗ್ಗಾಟ ತಿಂಗಳುಗಟ್ಟಲೆ ನಡೆಯಿತು. ಅತ್ತ ಉಪಮುಖ್ಯಮಂತ್ರಿ ಡಿ.ಕೆ. ಶಿವಕುಮಾರ್ ತಾವೇ ಅಭ್ಯರ್ಥಿ ಎಂಬಂತೆ ಹೋಬಳಿ ಹೋಬಳಿ ಸುತ್ತಿ ಅಹವಾಲು ಕೇಳುತ್ತಿದ್ದರು. ಯೋಗೇಶ್ವರ್ ಅವರಿಗೆ ಜೆಡಿಎಸ್ ಗುರುತಿನಲ್ಲಿ ನಿಲ್ಲಿ ಎಂಬ ಸಲಹೆಯೂ ಬಂತು, ಅವರು ಒಪ್ಪಲಿಲ್ಲ. ಅಕ್ಟೋಬರ್ ಮೂರನೇ ವಾರದಲ್ಲಿ ವಿಧಾನ ಪರಿಷತ್ ಸದಸ್ಯತ್ವ ಬಿಟ್ಟು, ಎರಡು ದಿನದಲ್ಲಿ ಕಾಂಗ್ರೆಸ್ ಸೇರಿ, ಕೈ ಗುರುತಿನ ಅಭ್ಯರ್ಥಿಯಾದರು. ಎದುರಿಗೆ ಕುಮಾರಸ್ವಾಮಿ ಅವರ ಮಗ, ‘ಜಾಗ್ವಾರ್’ ಚಿತ್ರದ ನಾಯಕ, ಜೆಡಿಎಸ್‌ನ ನಿಖಿಲ್ ಕುಮಾರಸ್ವಾಮಿ. 2019ರಲ್ಲಿ ಮಂಡ್ಯದಲ್ಲಿ, 2023ರಲ್ಲಿ ರಾಮನಗರದಲ್ಲಿ ಸೋತಿದ್ದ ಅವರಿಗೆ ಇದು ಮೂರನೇ ಕಣ. ‘ಸೈನಿಕ’ನಿಗೂ ‘ಜಾಗ್ವಾರ್’ಗೂ ನಡೆದ ಈ ಸ್ಪರ್ಧೆಯಲ್ಲಿ ಸಿನಿಮಾದ ಮಾತೇ ಬರಲಿಲ್ಲ ಎಂಬುದು ಸ್ವಾರಸ್ಯ. ಬಂದದ್ದು ಕೆರೆ ನೀರು ಮತ್ತು ಕಣ್ಣೀರು. ತೊಂಬತ್ತೊಂದರ ದೇವೇಗೌಡರು ಮೊಮ್ಮಗನಿಗಾಗಿ ಹಳ್ಳಿಗಳಲ್ಲಿ ಮತ ಕೇಳಿದರು. ಸಚಿವ ಜಮೀರ್ ಅಹಮದ್ ಖಾನ್ ಕುಮಾರಸ್ವಾಮಿ ಅವರ ಮೈಬಣ್ಣದ ಬಗ್ಗೆ ಆಡಿದ ಮಾತು ಕಾಂಗ್ರೆಸ್ಸಿಗೆ ಮುಳುವಾದೀತೆಂಬ ಭಯ ಯೋಗೇಶ್ವರ್ ಅವರಿಗೇ ಇತ್ತು.

ನವೆಂಬರ್ 13ರಂದು ಮತದಾನ ಶೇ 88 ದಾಟಿತು. ಬೆಂಗಳೂರಿನ ಬಡಾವಣೆಗಳು ಕನಸಿನಲ್ಲೂ ಕಾಣದ ಅಂಕಿ ಇದು. 23ರಂದು ಎಣಿಕೆಯ ಮೊದಲ ಸುತ್ತುಗಳಲ್ಲಿ ನಿಖಿಲ್ ಮುಂದಿದ್ದರು, ಪಟ್ಟಣದ ಮತಯಂತ್ರಗಳು ತೆರೆಯುತ್ತಿದ್ದಂತೆ ಚಿತ್ರ ತಿರುಗಿತು. ಕೊನೆಗೆ ಯೋಗೇಶ್ವರ್ 1,12,642, ನಿಖಿಲ್ 87,229. ಅಂತರ 25,413.

2023ರಲ್ಲಿ ಜೆಡಿಎಸ್ ಮತ್ತು ಬಿಜೆಪಿ ಪಡೆದ ಮತ ಕೂಡಿದರೆ 1,77,269. ಮೈತ್ರಿಯಾಗಿ ಪಡೆದದ್ದು ಅದರ ಅರ್ಧಕ್ಕೂ ಕಡಿಮೆ, ಕುಮಾರಸ್ವಾಮಿ ಒಬ್ಬರೇ ಪಡೆದಿದ್ದಕ್ಕಿಂತಲೂ 9,363 ಕಡಿಮೆ. ಹಾಗಾದರೆ 2023ರಲ್ಲಿ ಯೋಗೇಶ್ವರ್ ಪಡೆದ 80,677 ಮತದಲ್ಲಿ ಬಿಜೆಪಿಯದು ಎಷ್ಟಿತ್ತು? ಬೆಂಬಲಿಗರು ‘ಎಲ್ಲವೂ ಸಾಹೇಬರದ್ದೇ’ ಎನ್ನುತ್ತಾರೆ. ಲೋಕಸಭೆಯ ಅಂಕಿ ಅದಕ್ಕೆ ಒಪ್ಪುವುದಿಲ್ಲ. ಯೋಗೇಶ್ವರ್ ಎದುರು ಪಾಳಯದಲ್ಲಿದ್ದಾಗಲೇ ಕಾಂಗ್ರೆಸ್ 85 ಸಾವಿರಕ್ಕೆ ಏರಿತ್ತು. ಅವರು ಬಂದ ಮೇಲೆ ಹೆಚ್ಚಿದ್ದು ಸುಮಾರು 27 ಸಾವಿರ. ಎಲ್ಲಿಗೆ ಹೋದರೂ ಅವರ ಬೆನ್ನ ಹಿಂದೆ ನಡೆದುಬರುವ ಮತ ಇಷ್ಟು ಎಂದಿಟ್ಟುಕೊಂಡರೆ ಹೆಚ್ಚು ತಪ್ಪಾಗಲಾರದು. ಎಂಬತ್ತು ಸಾವಿರದ ಮುಂದೆ ಅದು ಚಿಕ್ಕದಾಗಿ ಕಂಡೀತು. ಆದರೆ ಗೆಲುವಿನ ಅಂತರದ ಪಕ್ಕದಲ್ಲಿಟ್ಟು ನೋಡಿ. ಆ 27 ಸಾವಿರ ಮೈತ್ರಿಯ ಕಡೆಯೇ ಉಳಿದಿದ್ದರೆ ನಿಖಿಲ್ ಇಂದು ಶಾಸಕರು.

ಉಳಿದ ಲೆಕ್ಕ ಮುಂದಿನದು. ಸಮಯದಲ್ಲೇ ನಡೆದರೆ 2028ರಲ್ಲಿ ವಿಧಾನಸಭಾ ಚುನಾವಣೆ. 2023ರ ಮಾರ್ಚ್‌ನಲ್ಲಿ ಉದ್ಘಾಟನೆಯಾದ ಬೆಂಗಳೂರು–ಮೈಸೂರು ದಶಪಥ ಹೆದ್ದಾರಿ ಪಟ್ಟಣವನ್ನು ಬಳಸಿಕೊಂಡು ಹೋದ ಮೇಲೆ ಹಳೆ ರಸ್ತೆಯ ಬೊಂಬೆ ಅಂಗಡಿಗಳಿಗೂ ಹೋಟೆಲುಗಳಿಗೂ ಗಿರಾಕಿ ಕಡಿಮೆಯಾಗಿದ್ದಾರೆ. ಆ ದೂರು ಈಗ ಕೈ ಗುರುತಿನ ಶಾಸಕರ ಮನೆ ಬಾಗಿಲಿಗೆ ಬರುತ್ತದೆ. ರಾಮನಗರ ಜಿಲ್ಲೆಗೆ ಬೆಂಗಳೂರು ದಕ್ಷಿಣ ಎಂದು ಹೆಸರಿಡಲು 2025ರ ಮೇ ತಿಂಗಳಲ್ಲಿ ಸಂಪುಟ ತೀರ್ಮಾನಿಸಿತು. ಕುಮಾರಸ್ವಾಮಿ ಮುಖ್ಯಮಂತ್ರಿಯಾಗಿದ್ದಾಗ 2007ರಲ್ಲಿ ರಚಿಸಿದ ಜಿಲ್ಲೆ ಅದು, ಹಾಗಾಗಿ ಜೆಡಿಎಸ್‌ಗೆ ಅದೂ ಒಂದು ವಿಷಯ. ಆದರೆ ಆ ಪಕ್ಷದ ದೊಡ್ಡ ಕಷ್ಟ ಬೇರೆ. ನಿಖಿಲ್‌ಗೆ ಬಂದ 87,229ರಲ್ಲಿ ತೆನೆಯ ಮತ ಎಷ್ಟು, ಕಮಲದ್ದು ಎಷ್ಟು ಎಂದು ಅವರಿಗೂ ಗೊತ್ತಿಲ್ಲ, ಬಿಜೆಪಿಗೂ ಗೊತ್ತಿಲ್ಲ. ಜಿಲ್ಲಾ, ತಾಲ್ಲೂಕು ಪಂಚಾಯಿತಿಗಳ ಅವಧಿ 2021ರಲ್ಲೇ ಮುಗಿದಿದ್ದರೂ ವರ್ಷಗಟ್ಟಲೆ ಚುನಾವಣೆ ನಡೆಯಲಿಲ್ಲವಾದ್ದರಿಂದ ಅಳೆದು ನೋಡುವ ಅವಕಾಶವೂ ಸಿಕ್ಕಿಲ್ಲ. ಸೀಟು ಹಂಚಿಕೆಗೆ ಎರಡೂ ಪಕ್ಷದವರು ಕೂತಾಗ ತಕರಾರು ಏಳುವುದು ಅಲ್ಲೇ.